ಬಾಗಿಲ ಡಬ್ಬಿ

ನಮ್ಮ ಊರಿನಲ್ಲಿ ಮನೆತನಕ್ಕೆ ಹೆಸರಿಲ್ಲ, ಮನೆಯಲ್ಲಿರುವ ಡಬ್ಬಿಗೆ ಹೆಸರು. ಕುದುರೆ ಡಬ್ಬಿಯವರು, ಕನ್ನಡಿ ಡಬ್ಬಿಯವರು, ಅಳುವ ಮುದುಕನ ಡಬ್ಬಿಯವರು, ಹೀಗೆ. ನಮ್ಮದು ಬಾಗಿಲ ಡಬ್ಬಿ.

ಅಜ್ಜಿ ಮದುವೆಯಾಗಿ ಈ ಊರಿಗೆ ಬಂದ ವರ್ಷ ಟಾಕೀಸಿಗೆ ಒಂದು ಸಿನಿಮಾ ಬಂದಿತ್ತಂತೆ. ಮೊದಲ ಆಟ ಶುರುವಾಗುವ ಮುಂಚೆಯೇ ಅದಕ್ಕೆ ನಿಷೇಧ ಬಿತ್ತು. ಸುಟ್ಟರೆ ಹೊಗೆ ಯಾರ ಕಣ್ಣಿಗೆ ಹೋಗುತ್ತದೋ, ಹೂತರೆ ಯಾವ ಗಿಡವಾಗಿ ಏಳುತ್ತದೋ ಎಂದು ಅಂಜಿ ಸರ್ಕಾರ ಅದನ್ನು ಸುಡಲೂ ಇಲ್ಲ, ಹೂಳಲೂ ಇಲ್ಲ. ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ಕತ್ತರಿಸಿ, ತಗಡಿನ ಡಬ್ಬಿಗಳಲ್ಲಿ ತುಂಬಿ, ಮನೆಗೊಂದರಂತೆ ಹಂಚಿತು. ಕಾಯುವುದು ನಮ್ಮ ಕೆಲಸ. ನಮ್ಮ ಡಬ್ಬಿಯನ್ನು ನಾವು ತೆರೆದು ನೋಡಿಕೊಳ್ಳಬಹುದು, ಇನ್ನೊಬ್ಬರಿಗೆ ತೋರಿಸಕೂಡದು, ಒಳಗೆ ಏನಾಗುತ್ತದೆ ಎಂದು ಹೇಳಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ, ಸಿನಿಮಾದಲ್ಲಿ ಅಕ್ಕಪಕ್ಕ ಬರುವ ಎರಡು ಡಬ್ಬಿಗಳು ಒಂದೇ ಸೂರಿನಡಿ ಸೇರಕೂಡದು. ಡಬ್ಬಿ ತವರಿನಲ್ಲೇ ಉಳಿದರೂ ಹೆಣ್ಣು ಅದನ್ನು ಕಣ್ಣಲ್ಲಿ ಹೊತ್ತುಕೊಂಡೇ ಗಂಡನ ಮನೆಗೆ ಹೋಗುತ್ತಾಳಲ್ಲ? ಆದ್ದರಿಂದ ನಮ್ಮಲ್ಲಿ ಜಾತಕ ನೋಡುವುದು ಆಮೇಲೆ. ಮೊದಲು ಕಚೇರಿಗೆ ಹೋಗಿ ಎರಡೂ ಮನೆಯ ಹೆಸರು ಹೇಳಬೇಕು. ಅಲ್ಲಿ ಕೂತವರು "ಆಗತೈತಿ" ಎನ್ನುತ್ತಾರೆ, ಇಲ್ಲವೇ "ಆಗಂಗಿಲ್ಲ" ಎನ್ನುತ್ತಾರೆ. ಹೆಚ್ಚಿಗೆ ಒಂದು ಮಾತಿಲ್ಲ. ಆಗಂಗಿಲ್ಲ ಎಂದರೆ ಎರಡೂ ಕಡೆಯವರು ತಂದ ಬೆಲ್ಲ, ಕೊಬ್ಬರಿಯನ್ನು ಹಾಗೇ ಕಟ್ಟಿಕೊಂಡು ಹಿಂದಿರುಗುತ್ತಾರೆ. ಯಾರೂ ಜಗಳ ಮಾಡುವುದಿಲ್ಲ.

ಸಿನಿಮಾ ಯಾಕೆ ನಿಷೇಧವಾಯಿತೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದಕ್ಕೇ ಪ್ರತಿ ಮನೆಯವರಿಗೂ ತಮ್ಮ ಡಬ್ಬಿಯಿಂದಲೇ ಆಯಿತೆಂಬ ಬಿಂಕ. ಕುದುರೆ ಡಬ್ಬಿಯ ಬಸಲಿಂಗವ್ವ ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, "ನಮ್ಮ ಕುದುರಿ ನೋಡೇ ಬಂದ್ ಮಾಡ್ಯಾರ. ಮೈಮ್ಯಾಲ ಒಂದ ಚೂರ ಬಟ್ಟಿಲ್ಲ" ಎಂದರೆ, "ಕುದುರಿ ಸೀರಿ ಉಡತೈತೇನ ಬಸಲಿಂಗಿ?" ಎಂದು ಅಜ್ಜಿ ಕೇಳುತ್ತಿದ್ದಳು. ತನ್ನ ಡಬ್ಬಿಯ ಬಗ್ಗೆ ಮಾತ್ರ ಅಜ್ಜಿ ಹೊರಗೆ ತುಟಿ ಬಿಚ್ಚಿದವಳಲ್ಲ.

ಮನೆಯೊಳಗೆ ಬೇರೆ ಮಾತು. ಬಿಡಿ ಚಿತ್ರಗಳ ಅಂಚಿನ ತೂತುಗಳಿಗೆ ದಾರ ಪೋಣಿಸಿ ಅಜ್ಜಿ ಮಾಲೆ ಮಾಡಿದ್ದಳು. ಇಳಿಹೊತ್ತಿನ ಬಿಸಿಲು ಪಡುವಣ ಕಿಟಕಿಗೆ ಬಂದಾಗ ಮಾಲೆಯನ್ನು ಅಲ್ಲಿ ತೂಗುಹಾಕಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೊಂದೇ ಚಿತ್ರವನ್ನು ಬೆರಳಿನಿಂದ ಸರಿಸುತ್ತ ಕಥೆ ಹೇಳುತ್ತಿದ್ದಳು. ಅದರಲ್ಲಿ ಒಂದು ಮನೆ, ತೆರೆದ ಬಾಗಿಲು, ಅಂಗಳದಲ್ಲಿ ಕೋಳಿ. ಅಂಗಳದಲ್ಲಿ ನಿಂತ ಹೆಂಗಸಿನ ಮುಖ ನಮ್ಮ ಕಡೆಗೆ. ಚಿತ್ರದಿಂದ ಚಿತ್ರಕ್ಕೆ ಅವಳು ಬಾಗಿಲಿಗೆ ಹತ್ತಿರವಾಗುತ್ತಾಳೆ, ಹೊಸ್ತಿಲು ದಾಟುತ್ತಾಳೆ, ಒಳಗಿನ ಕತ್ತಲಲ್ಲಿ ಮಾಯವಾಗುತ್ತಾಳೆ.

"ಯಾರಜ್ಜಿ ಈಕಿ?"

"ಬರಾಕಿ ಕೂಸ. ಭಾಳ ದೂರದಿಂದ ಬರಾಕಿ."

ಎಲ್ಲಿಂದ ಬಂದಳೆಂಬುದು ದಿನಕ್ಕೊಂದು. ಒಂದು ದಿನ ಉಪ್ಪಿನ ಊರಿನಿಂದ, ಒಂದು ದಿನ ಹಾವುಗಳ ರಾಜನಿಗೆ ಅಡುಗೆ ಮಾಡಿ ದಣಿದು, ಒಂದು ದಿನ ಏಳು ಮಂದಿ ಅಣ್ಣಂದಿರನ್ನು ಕಲ್ಲಿನಿಂದ ಬಿಡಿಸಿ. ಬರುವುದು ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

"ಮತ್ತ ಹಿಂದಹಿಂದಕ ಯಾಕ ಹೊಕ್ಕಾಳ?"

"ದೂರದಿಂದ ಬಂದಾವ್ರು ಹಂಗ ಹೋಗೂದು ಬಂಗಾರ. ಕರಕೊಂಡು ಬಂದ ದಾರಿಗೆ ಬೆನ್ನ ತೋರಿಸಬಾರದು."

ಅವಳ ಬಲಗೈ ಚಾಚಿರುತ್ತಿತ್ತು. ಮೊದಲು ನೆಲದ ಮೇಲೆ ಇರುವ ಕಾಳುಗಳು ಮುಂದಿನ ಚಿತ್ರಗಳಲ್ಲಿ ಗಾಳಿಯಲ್ಲಿರುತ್ತಿದ್ದವು, ಕೊನೆಗೆ ಅವಳ ಮುಷ್ಟಿಯಲ್ಲಿ. ಅದಕ್ಕೂ ಅಜ್ಜಿಯ ಬಳಿ ಮಾತಿತ್ತು. "ನೋಡು, ಆಕಿ ಬಂದದ್ದಕ್ಕ ಅಂಗಳಕ್ಕ ಖುಷಿ ಆಗೈತಿ. ತನ್ನ ಜೋಳ ತಾನ ಎತ್ತಿ ಆಕಿ ಕೈಯಾಗ ಕೊಡತೈತಿ."

ನಾನು ನಂಬಿದೆ. ನಂಬದೆ ಇರಲು ನನಗೆ ಬೇರೆ ಯಾರಿದ್ದರು? ಅಪ್ಪನ ಮುಖ ನೆನಪಿಲ್ಲ. ಅವ್ವ ನಾನು ಮಾತು ಕಲಿಯುವ ಮೊದಲೇ ಎಲ್ಲಿಗೋ ಹೋದವಳು. ಎಲ್ಲಿಗೆ ಎಂದು ಕೇಳಿದರೆ ಅಜ್ಜಿ ಮಾಲೆಯನ್ನು ಕಿಟಕಿಗೆ ಹಾಕುತ್ತಿದ್ದಳು. ನಾನೂ ಹೊರಗಿನಿಂದ ಬಂದಾಗಲೆಲ್ಲ ಹೊಸ್ತಿಲ ಮುಂದೆ ತಿರುಗಿ, ಬೀದಿಗೆ ಮುಖ ಮಾಡಿ, ಹಿಂದುಹಿಂದಾಗಿ ಹೆಜ್ಜೆಯಿಟ್ಟು ಒಳಗೆ ಹೋಗುತ್ತಿದ್ದೆ. ಬೀದಿಯವರು ನಗುತ್ತಿದ್ದರು. ಆಮೇಲೆ ನಗುವುದನ್ನೂ ಬಿಟ್ಟರು, ಹೊನ್ನಿ ಹಾಗೇ ಎಂದು. ಸಂಜೆ ನಮ್ಮ ಮನೆಯ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ. ಬರುವವರಿಗೆ ತಡೆಯಾಗಬಾರದಲ್ಲ.

ನನ್ನನ್ನು ಕೇಳಿಕೊಂಡು ಬಂದ ಸಂಬಂಧ ಒಂದೇ. ಊರ ಕೊನೆಯಲ್ಲಿ ರಸ್ತೆ ಡಬ್ಬಿಯವರ ಮನೆ. ಅಲ್ಲಿಯ ಗುರುಪಾದ ಸೈಕಲ್ಲು ರಿಪೇರಿ ಮಾಡುತ್ತಿದ್ದ. ಪಂಕ್ಚರ್ ತಿದ್ದುವಾಗ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಗೆ ಕಾಯುತ್ತ ಕೂರುತ್ತಾನಲ್ಲ, ಆ ತಾಳ್ಮೆ ನನಗೆ ಸೇರಿತ್ತು. ಒಮ್ಮೆ ನಾನು ಹಿಂದುಹಿಂದಾಗಿ ಮನೆಯೊಳಗೆ ಹೋಗುವುದನ್ನು ನೋಡಿ ಅವನು ನಗಲಿಲ್ಲ. ಬೀದಿಯಲ್ಲಿ ನಿಂತು, ನಾನು ಪೂರ್ತಿ ಒಳಗೆ ಹೋಗುವವರೆಗೆ ನೋಡಿದ. ಹಾಗೆ ನಡೆಯುವುದರ ಒಂದು ಲಾಭವೆಂದರೆ, ನಿಮ್ಮನ್ನು ಯಾರು ನೋಡುತ್ತಿದ್ದಾರೆಂದು ನಿಮಗೂ ಕಾಣುತ್ತದೆ.

ಎರಡೂ ಮನೆಯ ಹಿರಿಯರು ಕಚೇರಿಗೆ ಹೋದರು, ಅಜ್ಜಿಯ ಜೊತೆ ನಾನೂ. "ಬಾಗಿಲ ಡಬ್ಬಿ, ರಸ್ತಾ ಡಬ್ಬಿ" ಎಂದಳು ಅಜ್ಜಿ. ಕೂತವರು ತಲೆ ಎತ್ತಲಿಲ್ಲ. "ಆಗಂಗಿಲ್ಲ."

ಬರುವ ದಾರಿಯಲ್ಲಿ ಅಜ್ಜಿ ಬೆಲ್ಲದ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ, "ನಿನಗ ಬ್ಯಾರೆ ಯಾರರ ಸಿಗತಾರ" ಎಂದಳು. ನನಗೆ ಅದಕ್ಕಿಂತ ಬೇರೆಯದೇ ಯೋಚನೆ. ನಮ್ಮ ಬಾಗಿಲಿನ ಪಕ್ಕ ಅವನ ರಸ್ತೆ ಇದೆ. ಅವಳು ಬಂದ ದಾರಿ ಅವನ ಡಬ್ಬಿಯಲ್ಲಿದೆ.

ಬೇರೆ ಯಾರೂ ಸಿಗಲಿಲ್ಲ. ಅಜ್ಜಿ ತೀರಿಕೊಂಡಳು. ಮನೆಯಲ್ಲಿ ನಾನು, ಕಿಟಕಿಯಲ್ಲಿ ಆ ಹೆಂಗಸು. ಸಂಜೆ ಒಬ್ಬಳಿಗೇ ಅಡುಗೆ ಮಾಡುವಾಗ ನನ್ನ ಕೈ ತಾನಾಗಿ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿತ್ತು. ರೊಟ್ಟಿ ಉಳಿಯುತ್ತಿತ್ತು. ಮಾಲೆಯೆದುರು ಕೂತು ನಾನೇ ನನಗೆ ಕಥೆ ಹೇಳಿಕೊಳ್ಳುತ್ತಿದ್ದೆ. ಹೇಳುವ ದನಿಯೂ ನನ್ನದೇ, ಹೂಂಗುಟ್ಟುವ ದನಿಯೂ ನನ್ನದೇ. ಬೀದಿಯಲ್ಲಿ ಗುರುಪಾದ ಎದುರಾದರೆ ಇಬ್ಬರೂ ಒಂದೊಂದು ಮಗ್ಗುಲಿಗೆ ಸರಿದು ಹೋಗುತ್ತಿದ್ದೆವು. ಅವನೂ ಮದುವೆಯಾಗಲಿಲ್ಲ.

ಹೀಗಿರುವಾಗ ನಿಷೇಧ ತೆಗೆಯಬಹುದೆಂಬ ಸುದ್ದಿ ಬಂತು. ಯಾವುದೋ ದೊಡ್ಡ ನ್ಯಾಯಾಲಯದಲ್ಲಿ ಯಾರೋ ವಾದ ಮಾಡಿದ್ದರಂತೆ: ಯಾರೂ ನೋಡದ ಸಿನಿಮಾ ಕೆಟ್ಟದ್ದೆಂದು ಹೇಗೆ ಹೇಳುತ್ತೀರಿ? ಚಿತ್ರಗಳನ್ನು ಮತ್ತೆ ಕೂಡಿಸಿ, ಪರೀಕ್ಷಕರ ಮುಂದೆ ಎರಡು ಸಲ ಆಡಿಸಬೇಕು. ಅವರು ಮುದ್ರೆ ಒತ್ತಿದರೆ ಆಯಿತು, ಡಬ್ಬಿಗಳೂ ಇಲ್ಲ, ಕಟ್ಟಳೆಯೂ ಇಲ್ಲ. ಮುದ್ರೆ ಒತ್ತದಿದ್ದರೆ ಎಲ್ಲ ಮೊದಲಿನಂತೆ.

ಆ ಬೇಸಿಗೆಯಷ್ಟು ಗಲಗಲ ನಮ್ಮ ಊರಿನಲ್ಲಿ ಹಿಂದೆಂದೂ ಇರಲಿಲ್ಲ. ಟಾಕೀಸಿನ ಅಂಗಳಕ್ಕೆ ಚಪ್ಪರ ಹಾಕಿ, ಚಾಪೆ ಹಾಸಿ, ಹಪ್ಪಳಕ್ಕೆ ಕೂತಂತೆ ಹೆಂಗಸರು ಸಾಲಾಗಿ ಕೂತರು. ಬಿಡಿ ಚಿತ್ರಗಳನ್ನು ಒಂದಕ್ಕೊಂದು ಅಂಟಿಸುವ ಕೆಲಸ. ಟಾಕೀಸಿನ ಆಪರೇಟರ್ ದಾದಾಪೀರ್ ಚಾಚಾ ನಡುವೆ ಓಡಾಡುತ್ತ, "ತಲಿ ಮ್ಯಾಲ, ಕಾಲ ಕೆಳಗ, ಇಷ್ಟ ನೋಡ್ರಿ. ಯಾವ ಚಿತ್ರ ಮೊದಲು, ಯಾವುದು ಆಮ್ಯಾಲ ಅಂಬೂದು ನಿಮ್ಮ ನಿಮ್ಮ ಮನ್ಯಾಗ ಹೆಂಗ ಹೇಳಕೋತ ಬಂದೀರಿ ಹಂಗ ಅಂಟಸ್ರಿ" ಎನ್ನುತ್ತಿದ್ದ. ಯಾವ ಡಬ್ಬಿಯ ಪಕ್ಕ ಯಾವುದು ಎಂಬುದಷ್ಟೇ ಕಚೇರಿಗೆ ಗೊತ್ತಿತ್ತು. ಹೆಚ್ಚಿನದಕ್ಕೆಲ್ಲ ಮನೆಯವರ ಮಾತೇ ಆಧಾರ.

ನಮ್ಮ ಡಬ್ಬಿ, ರಸ್ತೆ ಡಬ್ಬಿ ಎರಡೂ ಸಿನಿಮಾದ ಕೊನೆಗಿದ್ದವು. ಗುರುಪಾದ ತನ್ನ ಡಬ್ಬಿ ಹಿಡಿದು ನನ್ನ ಚಾಪೆಯ ಆ ತುದಿಗೆ ಕೂತ. ಒಬ್ಬರ ಪಕ್ಕ ಒಬ್ಬರು ಕೂತದ್ದು ಅದೇ ಮೊದಲು.

"ನಿಮ್ಮ ಡಬ್ಬಿಯಾಕಿ ಏನ ಮಾಡತಾಳ?" ಎಂದ, ಡಬ್ಬಿಯ ಮುಚ್ಚಳ ತಿರುಗಿಸುತ್ತ.

"ಬರತಾಳ. ಮನಿಯೊಳಗ ಬರತಾಳ."

ಅವನು ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಿದ, ನಾನು ದಾರದಿಂದ ಬಿಡಿಸುತ್ತಿದ್ದ ಚಿತ್ರಗಳನ್ನು ನೋಡಿದ.

"ಹಂಗಾರ ನನ್ನ ರಸ್ತಾ ಮೊದಲು, ನಿನ್ನ ಬಾಗಲಾ ಆಮ್ಯಾಲ" ಎಂದ.

ಅಷ್ಟು ಹೊತ್ತಿಗೆ ಬಸಲಿಂಗವ್ವ ಆ ಕಡೆಯಿಂದ, "ಗುರುಪಾದಾ, ಟ್ಯೂಬಿಗೆ ಹಚ್ಚೂ ಅಂಟಲ್ಲ ಅದು, ಹುಡಗೀ ಕೈಗೆ ಅಂಟಿಗಿಂಟಿ ಬಿಟ್ಟೀ!" ಎಂದಳು. ಚಪ್ಪರವೆಲ್ಲ ನಕ್ಕಿತು. ಅವನ ಕಿವಿ ಕೆಂಪಾಯಿತು. ಮುದ್ರೆ ಬಿದ್ದ ಮರುದಿನವೇ ಬೆಲ್ಲ, ಕೊಬ್ಬರಿ ತರುವುದಾಗಿ ಅವನ ಅವ್ವ ಆಗಲೇ ನನಗೆ ಹೇಳಿ ಕಳಿಸಿದ್ದಳು. ನಾನು ತಲೆ ತಗ್ಗಿಸಿ ಅಂಟಿಸುತ್ತ ಹೋದೆ. ಅಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ.

ಪರೀಕ್ಷಕರು ಮೂವರು ಬಂದರು. ಹಿರಿಯರಿಗೆ ನೆಗಡಿ, ಕೈಯಲ್ಲಿ ಕರವಸ್ತ್ರ. ಮಧ್ಯಾಹ್ನದ ಆಟಕ್ಕೆ ಇಡೀ ಊರು ಟಾಕೀಸಿನಲ್ಲಿತ್ತು. ಅಷ್ಟೊಂದು ಅಂಟುಗಳ ಮೇಲೆ ಓಡಿದ ಸಿನಿಮಾದಲ್ಲಿ ಮಾತು ಕೇಳಲಿಲ್ಲ, ಬರೀ ಗರಗರ. ಮನೆಯವರೇ ತಮ್ಮ ಡಬ್ಬಿ ಬಂದಾಗ ಎದ್ದು ನಿಂತು, "ಇದು ನಮ್ಮದು, ಇದು ನಮ್ಮದು" ಎಂದು ಕೂಗುತ್ತಿದ್ದರು. ಕುದುರೆ ಒಂದು ಮದುವೆಯ ಕುದುರೆ. ಯಾರೂ ಆಕ್ಷೇಪಿಸಲಿಲ್ಲ, ಬಸಲಿಂಗವ್ವನ ಮುಖ ಬಾಡಿತು. ನನಗೆ ಮಾತ್ರ ಬೇರೆಯೇ ಒಂದು ಸಂಕಟ. ನಮ್ಮ ಕಿಟಕಿಯ ಹೆಂಗಸು ಕನ್ನಡಿ ಡಬ್ಬಿಯಲ್ಲಿ ಬೈತಲೆ ತೆಗೆಯುತ್ತಿದ್ದಳು, ಮತ್ತೊಂದರಲ್ಲಿ ಮದುಮಗಳಾಗಿ ಕೂತಿದ್ದಳು, ಇನ್ನೊಂದರಲ್ಲಿ ಒಲೆಯ ಮುಂದೆ ಬೆನ್ನು ಬಾಗಿಸಿದ್ದಳು. ನಾನೊಬ್ಬಳೇ ಸಾಕಿದ್ದೇನೆ ಅಂದುಕೊಂಡವಳು ಊರ ಎಲ್ಲ ಮನೆಗಳಲ್ಲೂ ಇದ್ದಳು.

ಕೊನೆಗೆ ರಸ್ತೆ ಬಂತು. ದೂರದಲ್ಲೊಂದು ಚುಕ್ಕೆ. ಚುಕ್ಕೆ ದೊಡ್ಡದಾಗಿ ಹೆಂಗಸಾಯಿತು. ಅವಳ ಬೆನ್ನು ನಮ್ಮ ಕಡೆಗಿತ್ತು. ಬೆನ್ನು ಮುಂದೆ ಮಾಡಿಕೊಂಡು, ಹಿಂದುಹಿಂದಾಗಿ, ತಡವರಿಸದೆ ಬರುತ್ತಿದ್ದಳು. ಧೂಳು ಮೇಲಿನಿಂದ ಇಳಿದು ಅವಳ ಕಾಲಡಿ ಸೇರುತ್ತಿತ್ತು. ಜನ ನಗತೊಡಗಿದರು. ಬಾಗಿಲು ಬಂದಾಗ ನಗು ಇನ್ನೂ ಜೋರಾಯಿತು. ಕೋಳಿಗಳು ಹಿಂದಕ್ಕೆ ಓಡಿದವು. ನೆಲದ ಜೋಳ ಚಂಗನೆ ಹಾರಿ ಅವಳ ಮುಷ್ಟಿಯೊಳಗೆ ಹೋಯಿತು. ಅವಳು ನಮ್ಮನ್ನೇ ನೋಡುತ್ತ ಹಿಂದೆ ಹಿಂದೆ ಸರಿದಳು. ಬಾಗಿಲ ಕತ್ತಲು ಅವಳನ್ನು ನುಂಗಿತು.

"ಥೇಟ್ ನಮ್ಮ ಹೊನ್ನಿ!" ಎಂದು ಯಾರೋ ಅಂದರು. ಟಾಕೀಸಿನ ತಗಡು ಹಾರುವಂತೆ ನಕ್ಕರು.

ಬಿಡಿ ಚಿತ್ರಗಳಲ್ಲಿ ದಣಿದಂತೆ ಕಾಣುತ್ತಿದ್ದ ಆ ಮುಖ ಚಲಿಸಿದಾಗ ದಣಿದಿರಲಿಲ್ಲ. ಈಗಷ್ಟೇ ಮನಸ್ಸು ಗಟ್ಟಿ ಮಾಡಿಕೊಂಡವರ ಮುಖ ಅದು. ಅದನ್ನು ನಾವು ಎಳೆದು ಎಳೆದು ಮನೆಯೊಳಗೆ ಹಾಕಿದ್ದೆವು.

ದೀಪ ಹತ್ತಿದಾಗ ಹಿರಿಯ ಪರೀಕ್ಷಕರು ಮೂಗು ಒರೆಸಿಕೊಂಡು, "ಸ್ವಲ್ಪ ಹಿಂದುಮುಂದಾಗಿದೆ. ಆದರೂ ಕೊನೆಗೆ ಹೆಣ್ಣುಮಗಳು ಮನೆ ಸೇರಿದಳು. ಇದರಲ್ಲಿ ತಪ್ಪೇನೂ ಇಲ್ಲ. ನಾಳೆ ಇನ್ನೊಂದು ಸಲ ನೋಡಿ ಮುದ್ರೆ ಒತ್ತುತ್ತೇವೆ" ಎಂದರು. ಚಪ್ಪಾಳೆ ಬಿದ್ದಿತು.

ಹೊರಗೆ ಬಸಲಿಂಗವ್ವ ನನ್ನ ಪಕ್ಕ ಬಂದು ನಿಂತಳು. ಇನ್ನೂ ನಗುತ್ತಲೇ ಇದ್ದವಳು ಏನೋ ನೆನಪಾಗಿ ಥಟ್ಟನೆ ಸುಮ್ಮನಾದಳು.

"ಹೊನ್ನಿ, ಒಂದ ಮಾತ ಹೇಳಲೇನ? ಸಿಟ್ಟಾಗಬ್ಯಾಡ. ನಿಮ್ಮವ್ವ ಹ್ವಾದ ದಿನ ನಾ ಕಸಾ ಹೊಡೀತಿದ್ದೆ. ಆಕಿನೂ ಹಿಂಗ, ಒಂದ ಮುಷ್ಟಿ ಜೋಳ ಅಂಗಳಕ್ಕ ಚೆಲ್ಲಿ ಹ್ವಾದ್ಲು. ಕೋಳಿ ಬೆನ್ನ ಹತ್ತಬಾರದಂತ ಇರಬೇಕು ಅಂದಕೊಂಡಿದ್ದೆ. ನಿಮ್ಮಜ್ಜಿ ಮರದಿನಾನ ದಾರಾ ಬಿಚ್ಚಿ ಅದೇನೋ ಹೊಸದಾಗಿ ಪೋಣಸ್ಕೋತ ಕುಂತಿದ್ಲವಾ."

ಅವ್ವನೂ ಅದೇ ಕಿಟಕಿಯಲ್ಲಿ ಅದೇ ಮಾಲೆ ನೋಡಿದ್ದಳು. ಆಗ ಚಿತ್ರಗಳ ಕ್ರಮ ಸರಿಯಾಗಿತ್ತು.

ಗುರುಪಾದ ಟಾಕೀಸಿನ ಗೋಡೆಗೆ ಸೈಕಲ್ಲು ಒರಗಿಸಿ ನಿಂತಿದ್ದ. ನಾನು ನೇರ ಅವನ ಹತ್ತಿರ ಹೋದೆ. ಊರೆಲ್ಲ ನೋಡುತ್ತಿತ್ತು. ಈಗ ನೋಡಿದರೂ ಅಡ್ಡಿಯಿರಲಿಲ್ಲ.

"ನಿನಗ ಗೊತ್ತಿತ್ತು" ಎಂದೆ.

"ಬೆನ್ನ ಕಾಣತಿತ್ತಲ್ಲ" ಎಂದ. "ಬೆನ್ನ ತೋರಿಸ್ಕೋತ ಯಾರರ ಬರತಾರೇನ?"

"ಮತ್ಯಾಕ ಹಂಗ ಅಂಟಿಸಿದಿ?"

ಅವನು ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿಂದ ಉಜ್ಜಿದ. ಬಾರಿಸಲಿಲ್ಲ. "ಬರತಾಳ ಅಂತ ಹೇಳುವಾಗ ನಿನ್ನ ಮಾರಿ ನೀ ನೋಡಕೊಂಡಿಲ್ಲ."

ನಾನು, "ಆಕಿನ್ನ ನೋಡಿ ನಕ್ಕರು" ಎಂದೆ.

"ನಕ್ಕರ ನಗಲಿ. ನಾಳೆ ಮುದ್ರಿ ಬೀಳತೈತಿ."

"ಒಂದ ಸಲಾನರ ಆಕಿ ಹೋಗಲಿ ಗುರುಪಾದ. ಹೆಂಗ ಹೋಗಬೇಕಂದಿದ್ಲೋ ಹಂಗ."

ಅವನು ನನ್ನನ್ನು ನೋಡಿದ. ಹಾಗೆ ಮಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೆಂಗಸು ಹೊರಟು ಹೋಗುವ ಸಿನಿಮಾ ಅದು. ಅವಳಿಗೆ ಹಾವು ಕಡಿಯುವುದಿಲ್ಲ, ಕಾಲು ಮುರಿಯುವುದಿಲ್ಲ, ಅಳುತ್ತ ಹಿಂದಿರುಗುವುದೂ ಇಲ್ಲ. ನಿಷೇಧ ಬಿದ್ದದ್ದು ಕುದುರೆಗಲ್ಲ, ನಮ್ಮ ಎರಡು ಡಬ್ಬಿಗಳಿಗೆ.

"ಮತ್ತ ಆಗಂಗಿಲ್ಲ ಅಂತಾರ" ಎಂದ.

"ಅಂತಾರ."

"ನಮ್ಮವ್ವ ಬೆಲ್ಲ ತಂದ ಇಟ್ಟಾಳ."

ಬೇಡವೆನ್ನುತ್ತಾನೆಂದು ಕಾದೆ. ಬೇಡ ಎಂದಿದ್ದರೆ ಒಪ್ಪಿಬಿಡುತ್ತಿದ್ದೆನೇನೋ. ಅವನು ಸೈಕಲ್ಲು ತಿರುಗಿಸಿ, "ಮುಂಜಾನೆ ಲಗೂ ಬಾ. ಒಬ್ಬಾಕೀ ಕೈಲೆ ಆಗೂ ಕೆಲಸ ಅಲ್ಲ" ಎಂದು ಹೊರಟುಹೋದ.

ಮುಂಜಾನೆ ದಾದಾಪೀರ್ ಚಾಚಾ ಬಾಗಿಲು ತೆಗೆದು, ನಮ್ಮ ಮುಖ ನೋಡಿ, ಏನೂ ಕೇಳದೆ ಕೊನೆಯ ಸುರುಳಿ ತಂದು ಚಾಪೆಯ ಮೇಲಿಟ್ಟ. "ಚಾ ತರತೀನಿ" ಎಂದು ಹೋದವನು ಮಧ್ಯಾಹ್ನದವರೆಗೂ ಚಾ ತರುತ್ತಲೇ ಇದ್ದ. ನಾನು ಬಾಗಿಲನ್ನು ಬಿಡಿಸಿ ತಿರುಗಿಸಿ ಅಂಟಿಸಿದೆ, ಅವನು ರಸ್ತೆಯನ್ನು. ಈ ಸಲ ಬಾಗಿಲು ಮೊದಲು, ರಸ್ತೆ ಆಮೇಲೆ. ನನ್ನ ಕೊನೆಯ ಚಿತ್ರವನ್ನೂ ಅವನ ಮೊದಲ ಚಿತ್ರವನ್ನೂ ಕೂಡಿಸುವಾಗ ಅವನು ಒಂದು ತುದಿ ಹಿಡಿದ, ನಾನು ಒಂದು ತುದಿ ಹಿಡಿದೆ. ಅಂಟು ಒಣಗುವವರೆಗೆ ಕೈ ಬಿಡುವಂತಿರಲಿಲ್ಲ. ನಮ್ಮ ಮದುವೆ ಅಷ್ಟೇ ಹೊತ್ತಿನದು.

"ನಮ್ಮ ಮನ್ಯಾಗ ರಸ್ತಾ ಐತಿ" ಎಂದ ಅವನು, ನಗಲು ಪ್ರಯತ್ನಿಸುತ್ತ. "ಆದ್ರ ನಾ ಎಲ್ಲೂ ಹೋದಾವಲ್ಲ."

ಎರಡನೆಯ ಆಟಕ್ಕೂ ಊರೆಲ್ಲ ಬಂದಿತ್ತು, ನಗಲೆಂದೇ ಬಂದಿತ್ತು. ಬಾಗಿಲು ಕಂಡೊಡನೆ ಕೆಲವರು ಮೊದಲೇ ನಕ್ಕರು. ಕತ್ತಲಿನಿಂದ ಅವಳು ಹೊರಗೆ ಬಂದಳು. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತಳು. ಅಂಗಳಕ್ಕಿಳಿದು, ಮುಷ್ಟಿ ಬಿಚ್ಚಿ, ಜೋಳ ಚೆಲ್ಲಿದಳು. ಕೋಳಿಗಳು ಓಡಿ ಬಂದವು. ಅವಳು ನೇರ ನಮ್ಮ ಕಡೆಗೆ ನಡೆದು ಬಂದಳು, ಹತ್ತಿರ, ಇನ್ನೂ ಹತ್ತಿರ, ನಮ್ಮನ್ನು ದಾಟಿದಳು. ಆಮೇಲೆ ರಸ್ತೆಯಲ್ಲಿ ಅವಳ ಬೆನ್ನು. ಧೂಳು ಎದ್ದಿತು, ಏಳಬೇಕಾದಂತೆ. ಬೆನ್ನು ಸಣ್ಣದಾಯಿತು, ಚುಕ್ಕೆಯಾಯಿತು. ಚುಕ್ಕೆಯೂ ಹೋದ ಮೇಲೆ ರಸ್ತೆ ಇನ್ನೂ ಸ್ವಲ್ಪ ಹೊತ್ತು ಇತ್ತು.

ಯಾರೂ ನಗಲಿಲ್ಲ. ಒಲೆಯ ಡಬ್ಬಿಯ ಮನೆಯ ಸೊಸೆ ನನ್ನ ಮುಂದೆ ಕೂತಿದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಸಲಿಂಗವ್ವ ಮೆಲ್ಲಗೆ, "ಹೋಗಬೇ, ಹೋಗು" ಎಂದಳು, ಪರದೆಗೆ.

ಹಿರಿಯ ಪರೀಕ್ಷಕರು ಕರವಸ್ತ್ರ ಮಡಚಿ ಜೇಬಿಗಿಟ್ಟರು. "ನಿನ್ನೆ ಇದು ಹೀಗಿರಲಿಲ್ಲ" ಎಂದರು. ಮುದ್ರೆ ಒತ್ತದೆ ಎದ್ದು ಹೋದರು. ಸಂಜೆಯೊಳಗೆ ಸಿನಿಮಾ ಮತ್ತೆ ಬಿಡಿಬಿಡಿಯಾಗಿ ನಮ್ಮ ನಮ್ಮ ಡಬ್ಬಿಗಳಿಗೆ ಬಂತು.

ಬಾಗಿಲ ಚಿತ್ರಗಳನ್ನು ನಾನು ಸರಿಯಾದ ಕ್ರಮದಲ್ಲೇ ಪೋಣಿಸಿದೆ. ಕಿಟಕಿಯಲ್ಲಿ ತೂಗುಹಾಕಿದರೆ ಅವಳು ದಿನವೂ ಹೊರಡುತ್ತಿದ್ದಳು. ಇನ್ನು ಆ ಮನೆಯಲ್ಲಿ ಯಾರಿಗಾಗಿ ಕಾಯುವುದೆಂದು ನನಗೆ ತಿಳಿಯಲಿಲ್ಲ. ರೊಟ್ಟಿಯ ಹಿಟ್ಟು ಮಾತ್ರ ಮೊದಲಿನಂತೆಯೇ ಹೆಚ್ಚಾಗುತ್ತಿತ್ತು.

ಒಂದು ಮುಂಜಾನೆ ಹೆಚ್ಚಾದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ. ನಮ್ಮಲ್ಲಿ ಈಗ ಕೋಳಿಗಳಿರಲಿಲ್ಲ, ಆದರೂ ಒಂದು ಮುಷ್ಟಿ ಜೋಳ ಅಂಗಳಕ್ಕೆ ಚೆಲ್ಲಿದೆ. ಅದು ಮೇಲೆದ್ದು ಬರಲಿಲ್ಲ. ಗುಬ್ಬಿಗಳು ಇಳಿದವು. ಹೊರಗಿನಿಂದ ಚಿಲಕ ಹಾಕಿದೆ. ಊರ ಕೊನೆಯ ರಸ್ತೆ ಡಬ್ಬಿಯ ಮನೆ ಇನ್ನೂ ಎದ್ದಿರಲಿಲ್ಲ. ಕಟ್ಟೆಯ ಮೇಲೆ, ಟ್ಯೂಬು ಮುಳುಗಿಸುವ ಬೋಗುಣಿಯ ಪಕ್ಕ, ನನ್ನ ಡಬ್ಬಿ ಇಟ್ಟೆ. ಬಾಗಿಲೂ ರಸ್ತೆಯೂ ಒಂದೇ ಸೂರಿನಡಿ ಇರಲಿ. ಅದಕ್ಕೆ ಆಗಂಗಿಲ್ಲ ಎನ್ನುವವರು ಅವನನ್ನು ಬಂದು ಕೇಳಲಿ, ಅವನು ನೀರಿನ ಗುಳ್ಳೆ ನೋಡುತ್ತ ಕೂತಿರುತ್ತಾನೆ.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಡಬ್ಬಿಯ ಮುಚ್ಚಳ ತಿರುಗಿದ ಸದ್ದು. ಆಮೇಲೆ ಸೈಕಲ್ಲಿನ ಗಂಟೆ, ಒಂದೇ ಸಲ. ಅವನು ಅಲ್ಲೇ ನಿಂತಿದ್ದನೋ, ನಾಲ್ಕು ಹೆಜ್ಜೆ ಮುಂದೆ ಬಂದಿದ್ದನೋ, ಕೈ ಎತ್ತಿದನೋ. ಹಿಂದುಹಿಂದಾಗಿ ನಡೆದಿದ್ದರೆ ಕಾಣುತ್ತಿದ್ದ. ಹೋಗುವವಳು ನಾನು, ಮುಖ ಮುಂದೆ ಮಾಡಿ ನಡೆಯುತ್ತಿದ್ದೆ.